ಜ್ವರ ಬಿಟ್ಟರೂ ಸುಸ್ತು ಬಿಡದವರಿಗೆ: ಕೈಯಲ್ಲಿರುವ ಮೊಬೈಲನ್ನು ಬಳಸುವ ಬಗೆ



"ಜ್ವರ ಹೋಗಿ ನಾಲ್ಕು ತಿಂಗಳಾಯ್ತು, ರಿಪೋರ್ಟ್ ಎಲ್ಲಾ ನಾರ್ಮಲ್. ಆದರೂ ಸ್ನಾನ ಮಾಡಿ ಬಂದರೆ ಮಲಗಬೇಕು ಅನ್ನಿಸುತ್ತೆ." ಈ ಮಾತನ್ನು ಹೇಳುವವರು ನಮ್ಮ ನಡುವೆ ಕಡಿಮೆಯಿಲ್ಲ. ಮನೆಯವರು ಮೊದಲ ತಿಂಗಳು ಕಷಾಯ ಮಾಡಿಕೊಡುತ್ತಾರೆ, ಎರಡನೇ ತಿಂಗಳು "ಸ್ವಲ್ಪ ವಾಕಿಂಗ್ ಹೋಗು, ಸರಿಹೋಗುತ್ತೆ" ಅನ್ನುತ್ತಾರೆ, ಮೂರನೇ ತಿಂಗಳು ಅನುಮಾನದಿಂದ ನೋಡುತ್ತಾರೆ. ಇದು ಸೋಮಾರಿತನವಲ್ಲ. ಕೋವಿಡ್, ಫ್ಲೂ, ಡೆಂಗಿ, ಚಿಕೂನ್‌ಗುನ್ಯಾ ಮುಂತಾದ ವೈರಸ್ ಕಾಯಿಲೆಗಳ ನಂತರ ಕೆಲವರಿಗೆ ಸುಸ್ತು, ಕೀಲುನೋವು, ತಲೆ ಮಂಕಾಗುವುದು, ನಿದ್ದೆಗೇಡು ತಿಂಗಳುಗಟ್ಟಲೆ ಉಳಿಯುತ್ತದೆ. ಕೋವಿಡ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಇದಕ್ಕೊಂದು ವ್ಯಾಖ್ಯೆ ಕೊಟ್ಟಿದೆ: ಸೋಂಕು ಶುರುವಾಗಿ ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ಕಾಣಿಸಿಕೊಂಡಿರುವ, ಕನಿಷ್ಠ 2 ತಿಂಗಳು ಇರುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ತೊಂದರೆಗಳು.

ಆ ಕೊನೆಯ ಷರತ್ತನ್ನು ಮರೆಯಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಇವೆಲ್ಲವೂ ಸುಸ್ತು ತರುತ್ತವೆ, ಇವಕ್ಕೆ ಔಷಧಿಯೂ ಇದೆ. ಮೊದಲು ಡಾಕ್ಟರ್, ಆಮೇಲೆ ಮೊಬೈಲ್.

ಈ ಕಾಯಿಲೆಯ ಒಂದು ಗುಣ ಗೊತ್ತಿರಬೇಕು. ಶ್ರಮ ಪಟ್ಟ ಕೂಡಲೇ ಅಲ್ಲ, 12ರಿಂದ 48 ಗಂಟೆಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ, ದೇಹ ಕುಸಿಯುತ್ತದೆ. ಮಂಗಳವಾರ ದಾದರ್ ಮಾರ್ಕೆಟ್‌ಗೆ ಹೋಗಿ ಹೂವು, ತರಕಾರಿ ತಂದಿರಿ. ಸಂಜೆ ಚೆನ್ನಾಗಿಯೇ ಇದ್ದಿರಿ. ಗುರುವಾರ ಹಾಸಿಗೆಯಿಂದ ಏಳಲಾಗಲಿಲ್ಲ. "ನಿನ್ನೆ ಏನೂ ಮಾಡಿಲ್ಲವಲ್ಲ, ಇದೇಕೆ ಹೀಗೆ?" ಎಂದು ತಲೆ ಕೆಡಿಸಿಕೊಳ್ಳುತ್ತೀರಿ. ಕಾರಣಕ್ಕೂ ಪರಿಣಾಮಕ್ಕೂ ಎರಡು ದಿನದ ಅಂತರ ಇರುವುದರಿಂದ ನೆನಪು ಕೈಕೊಡುತ್ತದೆ, ಅದರಲ್ಲೂ ತಲೆ ಮಂಕಾಗಿರುವಾಗ. ಇಲ್ಲಿ ಮೊಬೈಲ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

*ಎರಡು ವಾರ ಹೀಗೆ ಮಾಡಿ.* ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಅಲಾರಂ ಇಡಿ. ಅಲಾರಂ ಬಾರಿಸಿದಾಗ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಒಂದು ವಾಯ್ಸ್ ಮೆಸೇಜ್ ಕಳಿಸಿಕೊಳ್ಳಿ: ಏನು ಮಾಡಿದೆ, ಶಕ್ತಿ ಹತ್ತಕ್ಕೆ ಎಷ್ಟು. ಅರ್ಧ ನಿಮಿಷ ಸಾಕು. ಟೈಪ್ ಮಾಡುವುದೂ ಸುಸ್ತಾದವರಿಗೆ ಕೆಲಸವೇ, ಆದ್ದರಿಂದ ಬಾಯಲ್ಲೇ ಹೇಳಿ, ಕನ್ನಡದಲ್ಲೇ ಹೇಳಿ. ಇದಕ್ಕಾಗಿ ಹೊಸ ಆಪ್ ಬೇಕಾಗಿಲ್ಲ. ಅಡುಗೆ, ಲೋಕಲ್ ರೈಲು ಮಾತ್ರವಲ್ಲ, ಆಫೀಸಿನ ಒಂದು ಗಂಟೆಯ ವಿಡಿಯೋ ಮೀಟಿಂಗ್, ನೆಂಟರ ಜೊತೆಗಿನ ವಾದ ಕೂಡ ಲೆಕ್ಕಕ್ಕೆ ಬರುತ್ತದೆ. ತಲೆಯ ಕೆಲಸಕ್ಕೂ ಮನಸ್ಸಿನ ಬೇಗುದಿಗೂ ದೇಹ ಅದೇ ಜೇಬಿನಿಂದ ಖರ್ಚು ಮಾಡುತ್ತದೆ.

ಹದಿನಾಲ್ಕು ದಿನದ ನಂತರ ಕೂತು ಕೇಳಿ, ಬೇಕಾದರೆ ಮಗಳನ್ನೋ ಸೊಸೆಯನ್ನೋ ಜೊತೆಗೆ ಕೂರಿಸಿಕೊಂಡು. ಕೆಟ್ಟ ದಿನಗಳನ್ನು ಗುರುತಿಸಿ, ಅದರ ಹಿಂದಿನ ಎರಡು ದಿನ ನೋಡಿ. ಎಲ್ಲಿ ಗೆರೆ ದಾಟುತ್ತೀರಿ ಎಂಬುದು ಬಹಳ ಮಂದಿಗೆ ಗೊತ್ತಾಗುತ್ತದೆ. ಮುಂದಿನ ವಾರಗಳಲ್ಲಿ ಆ ಗೆರೆಗಿಂತ ಒಳಗೇ ಇರಿ. ಒಳ್ಳೆಯ ದಿನ ಬಂದಾಗ ಬಾಕಿ ಕೆಲಸವೆಲ್ಲ ಮುಗಿಸಿಬಿಡುವ ಆಸೆ ಬರುತ್ತದೆ ನೋಡಿ, ಅದೇ ಎಲ್ಲಕ್ಕಿಂತ ಅಪಾಯದ ದಿನ.

ಹೆಜ್ಜೆ ಎಣಿಸುವ ಆಪ್ ಇದ್ದರೆ ಅದನ್ನು ತಿರುಗುಮುರುಗಾಗಿ ಬಳಸಿ. ದಿನಕ್ಕೆ 10,000 ಹೆಜ್ಜೆ ಎಂಬ ಮಾತು ಹುಟ್ಟಿದ್ದು 1960ರ ದಶಕದಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಮಾರಾಟದ ಸಮಯದಲ್ಲಿ, ವೈದ್ಯರ ಕೊಠಡಿಯಲ್ಲಲ್ಲ. ನಿಮಗೆ ಅದು ಗುರಿಯಲ್ಲ. 2,000 ಹೆಜ್ಜೆ ದಾಟಿದ ದಿನ ಕುಸಿಯುತ್ತೀರಿ ಎಂದು ಗೊತ್ತಾದರೆ 1,500 ನಿಮ್ಮ ಮೇಲ್ಮಿತಿ. "ಇನ್ನೂ ಸ್ವಲ್ಪ ನಡೆಯಿರಿ" ಎಂದು ಹುರಿದುಂಬಿಸುವ ನೋಟಿಫಿಕೇಶನ್ ಆಫ್ ಮಾಡಿ. ಕೈಗಡಿಯಾರದಲ್ಲಿ ನಾಡಿಬಡಿತ ಕಾಣುತ್ತಿದ್ದು, ಮಲಗಿದ್ದವರು ಎದ್ದು ನಿಂತ ಹತ್ತು ನಿಮಿಷದೊಳಗೆ ಅದು 30 ಅಥವಾ ಹೆಚ್ಚು ಏರಿ ಹಾಗೆಯೇ ನಿಂತರೆ, ತಲೆ ತಿರುಗಿದರೆ, ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ.

ಆನ್‌ಲೈನ್ ತರಬೇತಿಯಿಂದ ಪ್ರಯೋಜನ ಉಂಟೇ? ಬ್ರಿಟನ್‌ನಲ್ಲಿ ರೀಗೇನ್ ಎಂಬ ಅಧ್ಯಯನ ನಡೆದು 2024ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೋವಿಡ್‌ಗೆ ಆಸ್ಪತ್ರೆ ಸೇರಿ ಬಂದು ಮೂರು ತಿಂಗಳಾದರೂ ಸುಧಾರಿಸದ 585 ಮಂದಿಯಲ್ಲಿ ಒಂದು ಗುಂಪಿಗೆ ಎಂಟು ವಾರ ಮನೆಯಿಂದಲೇ, ತರಬೇತಾದವರ ಮೇಲ್ವಿಚಾರಣೆಯಲ್ಲಿ, ವ್ಯಾಯಾಮ ಮತ್ತು ಮನಸ್ಸಿನ ಬೆಂಬಲ ಕೊಟ್ಟರು. ಅವರ ಜೀವನದ ಗುಣಮಟ್ಟ ಉಳಿದವರಿಗಿಂತ ಉತ್ತಮವಾಯಿತು. ಲಾಭ ದೊಡ್ಡದೇನಲ್ಲ, ಆದರೆ ಇತ್ತು. ಹಾಗೆಂದು ಯೂಟ್ಯೂಬ್ ನೋಡಿ ದಿನಾ ಇಷ್ಟಿಷ್ಟು ವ್ಯಾಯಾಮ ಹೆಚ್ಚಿಸುತ್ತಾ ಹೋಗಬೇಡಿ. ಶ್ರಮದ ನಂತರ ಕುಸಿಯುವ ದೀರ್ಘಕಾಲದ ಸುಸ್ತಿನ ರೋಗಿಗಳಿಗೆ, ನಿಗದಿಯಂತೆ ವ್ಯಾಯಾಮ ಏರಿಸುವ ಪದ್ಧತಿಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿದೆ. ಮನಸ್ಸಿಗೆ ಬೆಂಬಲ ಬೇಕು ಎಂದರೆ ಕಾಯಿಲೆ ಬರೀ ಮನಸ್ಸಿನದು ಎಂದರ್ಥವಲ್ಲ; ಕಾಲು ಮುರಿದವನಿಗೂ ಊರುಗೋಲು ಬೇಕು ಅಷ್ಟೇ.

ಊರು ಬಿಟ್ಟು ಊರಲ್ಲಿರುವ ನಮಗೆ ಇನ್ನೊಂದು ತೊಡಕಿದೆ. "ಮೈಯೆಲ್ಲಾ ಭಾರ, ಏನೋ ಸಂಕಟ, ತಲೆ ಜೋಮು ಹಿಡಿದ ಹಾಗೆ" ಎಂಬುದನ್ನು ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಡಾಕ್ಟರಿಗೆ ಹೇಳುವಾಗ ಎಲ್ಲವೂ "ವೀಕ್‌ನೆಸ್" ಆಗಿಬಿಡುತ್ತದೆ. ಎರಡು ವಾರದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ, ಅಂಕಿಗೆ ಭಾಷೆಯ ಹಂಗಿಲ್ಲ. ಮನಸ್ಸು ತೀರಾ ಕುಗ್ಗಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ *14416* ಹಗಲು ರಾತ್ರಿ ಉಚಿತ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಅದು ನೆರವು ನೀಡುವ ಭಾಷೆಗಳಲ್ಲಿ ಕನ್ನಡವೂ ಇದೆ. ಕರೆ ಮಾಡಿದಾಗ ಕನ್ನಡ ಬೇಕೆಂದು ಕೇಳಿ.

ರಾತ್ರಿ ಮಲಗುವ ಒಂದು ಗಂಟೆ ಮೊದಲು ಇದೇ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಮಲಗಿ "ಏಳು ದಿನದಲ್ಲಿ ಗುಣ" ಎನ್ನುವ ಪುಡಿ, ಡ್ರಿಪ್ ಜಾಹೀರಾತು ಹುಡುಕುವುದರಿಂದ ನಿದ್ದೆಯೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ಎದೆನೋವು, ಕೂತಲ್ಲೇ ಉಸಿರು ಕಟ್ಟುವುದು, ಪ್ರಜ್ಞೆ ತಪ್ಪುವುದು, ಒಂದೇ ಕಾಲು ಊದಿಕೊಂಡು ನೋಯುವುದು, ಇವಕ್ಕೆ ಡೈರಿ ಬರೆಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ ಮರಳಿದರೆ, ತೂಕ ಇಳಿಯುತ್ತಾ ಹೋದರೆ ಒಂದೆರಡು ದಿನದಲ್ಲೇ ಡಾಕ್ಟರನ್ನು ಕಾಣಿ.