ಕ್ವೀನ್ ಬ್ಯಾಂಡಿನ ಐದು ಹಾಡು, ಕಿವಿಗೆ ಐದು ಪಾಠ

ಕ್ವೀನ್ ಅನ್ನೋ ಬ್ಯಾಂಡಿನ ಹೆಸರು ಕೇಳದವರಿಗೂ ಅದರ ಒಂದು ತಾಳ ಗೊತ್ತಿರುತ್ತೆ. ಕಾಲು ಎರಡು ಸಲ ನೆಲಕ್ಕೆ, ಆಮೇಲೆ ಒಂದು ಚಪ್ಪಾಳೆ. ಮ್ಯಾಚ್ ನಡೆಯುವಾಗ, ಫೆಸ್ಟ್ ನಡೆಯುವಾಗ, ಲೆಕ್ಚರರ್ ಬರೋದು ತಡವಾದಾಗ ಡೆಸ್ಕಿನ ಮೇಲೂ ಈ ತಾಳ ಬೀಳುತ್ತೆ. ಅದನ್ನು ಕಟ್ಟಿದವನು ಫಿಸಿಕ್ಸ್ ವಿದ್ಯಾರ್ಥಿ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕ್ವೀನ್ ಶುರುವಾಗಿದ್ದು 1970ರಲ್ಲಿ, ಲಂಡನ್ನಿನಲ್ಲಿ. ಗಿಟಾರಿನ ಬ್ರಯಾನ್ ಮೇ ಇಂಪೀರಿಯಲ್ ಕಾಲೇಜಿನಲ್ಲಿ ಫಿಸಿಕ್ಸ್ ಓದಿದವರು. 1971ರಲ್ಲಿ ಬಂದು ಸೇರಿದ ಬಾಸ್ ಗಿಟಾರಿನ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರ. ಡ್ರಮ್ಸ್ ಬಾರಿಸುವ ರೋಜರ್ ಟೇಲರ್ ದಂತವೈದ್ಯಕೀಯ ಬಿಟ್ಟು ಜೀವಶಾಸ್ತ್ರ ಓದಿದರು. ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ಆರ್ಟ್ ಕಾಲೇಜಿನಲ್ಲಿ. ಬ್ಯಾಂಡಿನ ಲಾಂಛನ ಬಿಡಿಸಿದ್ದೂ ಅವರೇ.

'ಕ್ವೀನ್‌ನ ಶ್ರೇಷ್ಠ ಹಾಡು ಯಾವುದು' ಅಂತ ಪಟ್ಟಿ ಮಾಡೋಕೆ ಹೊರಟರೆ ಹಾಸ್ಟೆಲಿನಲ್ಲಿ ಬೆಳಗಾಗುತ್ತೆ, ಜಗಳ ಮುಗಿಯೋಲ್ಲ. ಅದಕ್ಕೇ ನಾವು ಒಂದು ಅಳತೆ ಇಟ್ಟುಕೊಂಡಿದ್ದೇವೆ. ಹಾಡು ಮಾಡುವಾಗ ಎದುರಾದ ತೊಡಕು ಏನು, ಅದನ್ನು ಹೇಗೆ ಬಿಡಿಸಿದರು, ಆ ಉತ್ತರ ಇವತ್ತಿಗೂ ನಮ್ಮ ಕಿವಿಗೆ ಕೇಳಿಸುತ್ತಾ? ಈ ಅಳತೆಗೆ ಸಿಕ್ಕ ಐದು ಹಾಡು ಇಲ್ಲಿವೆ. ಇಯರ್‌ಫೋನ್ ಎರಡೂ ಕಿವಿಗೆ ಇರಲಿ.

1. ವಿ ವಿಲ್ ರಾಕ್ ಯೂ (1977)

ಇಂಗ್ಲೆಂಡಿನ ಬಿಂಗ್ಲಿ ಹಾಲ್‌ನಲ್ಲಿ ಒಂದು ಕಾರ್ಯಕ್ರಮ ಮುಗಿದ ಮೇಲೂ ಜನ ಮನೆಗೆ ಹೋಗದೆ ಬ್ಯಾಂಡಿಗಾಗಿ ತಾವೇ ಹಾಡತೊಡಗಿದರು. ಬ್ರಯಾನ್ ಮೇ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು: ಕಾಲಿಡಲೂ ಜಾಗವಿಲ್ಲದ ಗುಂಪಿನಲ್ಲಿ ನಿಂತವರು ಏನು ಮಾಡಬಲ್ಲರು? ಕಾಲು ಕುಟ್ಟಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಅಷ್ಟರಲ್ಲೇ ಹಾಡು ಕಟ್ಟಿದರು. ಇದರಲ್ಲಿ ಡ್ರಮ್ ಸೆಟ್ ಇಲ್ಲ, ಬಾಸ್ ಇಲ್ಲ. ಗಿಟಾರ್ ಮುಂದೆ ಬರೋದು ಕೊನೆಯಲ್ಲಿ ಮಾತ್ರ.

ತೊಡಕು ಇದ್ದಿದ್ದು ಸ್ಟುಡಿಯೋದಲ್ಲಿ. ಹಲಗೆ ಮೇಲೆ ಕಾಲು ಕುಟ್ಟಲು ಇದ್ದವರು ಕೆಲವೇ ಜನ, ಕೇಳಿಸಬೇಕಾದ್ದು ಸಾವಿರಾರು. ಸುಮ್ಮನೆ ಪ್ರತಿಧ್ವನಿ ಸೇರಿಸಿದರೆ ಗುಹೆಯಲ್ಲಿ ಕೂಗಿದ ಹಾಗಾಗುತ್ತೆ. ಗುಂಪಿನಲ್ಲಿ ಆಗೋದು ಬೇರೆ: ಹತ್ತಿರದವನ ಸದ್ದು ಬೇಗ ಬರುತ್ತೆ, ದೂರದವನದ್ದು ತಡವಾಗಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್. ಆರು ಮೀಟರ್ ಆಚೆ ನಿಂತವನ ಚಪ್ಪಾಳೆ ಹದಿನೇಳು ಹದಿನೆಂಟು ಮಿಲಿಸೆಕೆಂಡ್ ತಡ.

ಮೇ ಅದೇ ರೆಕಾರ್ಡಿಂಗನ್ನು ಬೇರೆ ಬೇರೆ ತಡದಲ್ಲಿ ಮತ್ತೆ ಮತ್ತೆ ಸೇರಿಸಿದರು, ಆ ತಡಗಳನ್ನು ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ಆರಿಸಿಕೊಂಡರು. ಯಾಕೆ? ತಡಗಳು 10, 20, 30 ಅಂತ ಇದ್ದರೆ ಎಲ್ಲಾ ಒಂದೇ ಅಂತರದಲ್ಲಿ ಸಾಲುಗಟ್ಟಿ, ಕಿವಿ ಅದನ್ನು ಯಂತ್ರದ ಪ್ರತಿಧ್ವನಿ ಅಂತ ಹಿಡಿದುಬಿಡುತ್ತೆ. 11, 17, 29 ಅಂತ ಇದ್ದರೆ ಅವು ಸಾಲಿಗೆ ಬರೋಲ್ಲ (ಸಂಖ್ಯೆಗಳು ನಮ್ಮ ಉದಾಹರಣೆ, ಉಪಾಯ ಅವರದ್ದು). ನಿಮಗೆ ಕೇಳಿಸೋ ಜನಸಾಗರ ನಿಜಕ್ಕೂ ಗಣಿತ.

2. ಬೊಹೀಮಿಯನ್ ರಾಪ್ಸಡಿ (1975)

5 ನಿಮಿಷ 55 ಸೆಕೆಂಡಿನ ಹಾಡು, ಒಂದು ಸಲವೂ ಪಲ್ಲವಿಗೆ ಮರಳೋಲ್ಲ. ಮೆಲ್ಲನೆ ಶುರುವಾಗಿ, ಗಿಟಾರಿಗೆ ಹೋಗಿ, ಒಪೆರಾಗೆ ಜಿಗಿದು, ರಾಕ್ ಆಗಿ ಸಿಡಿದು, ಮತ್ತೆ ಮೆತ್ತಗಾಗಿ ಮುಗಿಯುತ್ತೆ. ರೇಡಿಯೋಗೆ ಇದು ತೀರಾ ಉದ್ದ ಅಂದವರಿದ್ದರು. ಆದರೂ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು.

ಒಪೆರಾ ಭಾಗಕ್ಕೆ ದೊಡ್ಡ ಗಾಯಕವೃಂದ ಬೇಕಿತ್ತು. ಹಾಡಿದ್ದು ಮೂರೇ ಜನ: ಮರ್ಕ್ಯುರಿ, ಮೇ, ಟೇಲರ್. ಟೇಪಿನಲ್ಲಿ ಇದ್ದದ್ದು 24 ಟ್ರ್ಯಾಕ್. ಮೂವರೂ ಒಂದೇ ಸಾಲನ್ನು ಮೂರು ಸಲ ಹಾಡಿದರೆ ಒಂಬತ್ತು ದನಿ. ಆ ಟ್ರ್ಯಾಕುಗಳನ್ನು ಒಂದಕ್ಕೆ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತೆ ಹಾಡಬೇಕು. ಇದಕ್ಕೆ 'ಬೌನ್ಸ್' ಅಂತಾರೆ. ಒಮ್ಮೆ ಇಳಿಸಿದ ಮೇಲೆ ಬಿಡಿಸೋಕೆ ಆಗೋಲ್ಲ, ಪ್ರತಿ ಸಲಕ್ಕೂ ಟೇಪಿನ ಗೊರಗೊರ ಬೇರೆ ಸೇರುತ್ತೆ. ನಮ್ಮ ಹಾಗೆ ಅನ್‌ಡೂ ಬಟನ್ ಅವರಿಗಿರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಡಿದರಂತೆ. ಟೇಪ್ ಎಷ್ಟು ಸವೆಯಿತೆಂದರೆ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ.

ಕೇಳುವಾಗ ಇಷ್ಟು ಗಮನಿಸಿ: ಒಪೆರಾ ಭಾಗದಲ್ಲಿ ಎತ್ತರದ ದನಿ ಒಂದು ಕಿವಿಯಿಂದ, ತಗ್ಗಿನ ದನಿ ಇನ್ನೊಂದು ಕಿವಿಯಿಂದ ಬಂದು, ನಡುವೆ ಸವಾಲ್ ಜವಾಬ್ ನಡೆಯುತ್ತೆ. ಒಂದು ಇಯರ್‌ಫೋನ್ ತೆಗೆದರೆ ಅರ್ಧ ನಾಟಕ ಹೋಯಿತು.

3. ಥರ್ಟಿ ನೈನ್ (1975)

ಅದೇ ವರ್ಷದ 'ಎ ನೈಟ್ ಅಟ್ ದಿ ಒಪೆರಾ' ಆಲ್ಬಮ್ಮಿನಲ್ಲಿ ಜನ ದಾಟಿಕೊಂಡು ಹೋಗುವ ಹಾಡು ಇದು. ಕೇಳೋಕೆ ಹಳ್ಳಿಯ ಜಾನಪದ ಹಾಡಿನ ಹಾಗಿದೆ. ಬರೆದು ಹಾಡಿದ್ದು ಬ್ರಯಾನ್ ಮೇ. ಕೆಲವರು ಹೊಸ ನೆಲ ಹುಡುಕಿಕೊಂಡು ಬಾಹ್ಯಾಕಾಶಕ್ಕೆ ಹೋಗುತ್ತಾರೆ. ಅವರ ಪಾಲಿಗೆ ಕಳೆದಿದ್ದು ಒಂದು ವರ್ಷ. ಭೂಮಿಯ ಮೇಲೆ ನೂರು. ಬಿಟ್ಟುಹೋದವರು ಯಾರೂ ಉಳಿದಿಲ್ಲ.

ಮೊದಲ ವರ್ಷದ ಫಿಸಿಕ್ಸ್ ನೆನಪಿದ್ದರೆ ಲೆಕ್ಕ ಹಾಕಿ ನೋಡೋಣ. ಒಂದು ವರ್ಷ ನೂರಾಗಬೇಕು ಅಂದರೆ ಲೊರೆಂಟ್ಜ್ ಗುಣಾಂಕ 100. ಸೂತ್ರಕ್ಕೆ ಹಾಕಿದರೆ ನೌಕೆ ಬೆಳಕಿನ ವೇಗದ ಶೇಕಡಾ 99.995ರಲ್ಲಿ ಓಡಬೇಕು. ಇದೇ ಲೆಕ್ಕವನ್ನು ನಾವು ಐದು ಮಾರ್ಕ್ಸಿಗೆ ಬರೆದಿದ್ದೇವೆ. ವಾಪಸ್ಸು ಬಂದವನಿಗೆ ಮನೆಯಲ್ಲಿ ಯಾರೂ ಇರೋಲ್ಲ ಅನ್ನೋದು ಮಾತ್ರ ಆ ಉತ್ತರಪತ್ರಿಕೆಯಲ್ಲಿ ಇರಲಿಲ್ಲ. ಹಾಡಿನಲ್ಲಿ ಅದಿದೆ.

4. ಗುಡ್ ಕಂಪನಿ (1975)

ಕೊನೆಯ ಭಾಗದಲ್ಲಿ ಹಳೇ ಕಾಲದ ಜಾಜ್ ಬ್ಯಾಂಡ್ ಬರುತ್ತೆ. ಕ್ಲಾರಿನೆಟ್, ಟ್ರಂಪೆಟ್, ಟ್ರಾಂಬೋನ್ ಎಲ್ಲಾ ಕೇಳಿಸುತ್ತೆ. ಅಸಲಿಗೆ ಅವು ಒಂದೂ ಇಲ್ಲ, ಎಲ್ಲಾ ಗಿಟಾರ್. ಆಗಿನ ಆಲ್ಬಂ ಕವರ್ ಮೇಲೆ 'ಸಿಂಥಸೈಜರ್ ಬಳಸಿಲ್ಲ' ಅಂತ ಅಚ್ಚು ಹಾಕಿಸುವಷ್ಟು ಹಠ ಅವರಿಗಿತ್ತು.

ಆ ಗಿಟಾರನ್ನು ಮೇ ಹದಿಹರೆಯದಲ್ಲಿ ಅಪ್ಪನ ಜೊತೆ ಮನೆಯಲ್ಲೇ ಮಾಡಿದ್ದು. ಕತ್ತಿಗೆ ಹಳೇ ಅಗ್ಗಿಷ್ಟಿಕೆಯ ಮರ, ತಂತಿ ಅಲುಗಿಸುವ ಸಾಧನಕ್ಕೆ ಮೋಟಾರ್‌ಬೈಕಿನ ವಾಲ್ವ್ ಸ್ಪ್ರಿಂಗ್, ಸ್ವರದ ಗುರುತಿಗೆ ಅಮ್ಮನ ಹೊಲಿಗೆ ಡಬ್ಬಿಯ ಗುಂಡಿ. ಮೀಟೋಕೆ ಆರು ಪೆನ್ಸ್ ನಾಣ್ಯ. ಆಂಪ್ಲಿಫೈಯರ್ ಜಾನ್ ಡೀಕನ್ ಕೈಕೆಲಸ: ರಸ್ತೆಬದಿಯ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡು, ಹಳೇ ಸ್ಪೀಕರ್ ಡಬ್ಬ, 9 ವೋಲ್ಟ್ ಬ್ಯಾಟರಿ. ವಾಲ್ಯೂಮ್ ಗುಂಡಿಯೂ ಇಲ್ಲ. ಸಣ್ಣ ಆಂಪ್ ಆದ್ದರಿಂದ ಬೇಗ ಡಿಸ್ಟಾರ್ಷನ್‌ಗೆ ಹೋಗುತ್ತೆ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಮಾರ್ಕ್ಸ್ ಕಟ್. ಇಲ್ಲಿ ಅದೇ ಗಿಟಾರಿಗೆ ತುತ್ತೂರಿಯ ದನಿ ಕೊಟ್ಟಿತು.

5. ದ ಶೋ ಮಸ್ಟ್ ಗೋ ಆನ್ (1991)

ಇಲ್ಲಿನ ತೊಡಕಿಗೆ ಸರ್ಕ್ಯೂಟಿನಲ್ಲಿ ಉತ್ತರವಿರಲಿಲ್ಲ. ಫ್ರೆಡ್ಡಿ ಮರ್ಕ್ಯುರಿ ಹುಟ್ಟಿದ್ದು ಜಾಂಜಿಬಾರಿನಲ್ಲಿ, 1946ರಲ್ಲಿ, ಪಾರ್ಸಿ ಮನೆಯಲ್ಲಿ. ಮೊದಲ ಹೆಸರು ಫಾರೂಖ್ ಬುಲ್ಸಾರಾ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಸ್ಕೂಲಿನಲ್ಲಿ. ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ. ಈ ಹಾಡಿನ ಹೊತ್ತಿಗೆ ಅವರಿಗೆ ಏಡ್ಸ್ ಜೋರಾಗಿತ್ತು, ನಿಲ್ಲೋದೂ ಕಷ್ಟವಾಗಿತ್ತು. ಹಾಡಿನ ಎತ್ತರದ ಸ್ವರಗಳು ಇವರಿಗೆ ಸಾಧ್ಯವಾ ಅಂತ ಬ್ರಯಾನ್ ಮೇಗೆ ಅಳುಕಿತ್ತು. ಮರ್ಕ್ಯುರಿ ಹಾಡಿದರು. ಕಾಯಿಲೆಯ ವಿಷಯ ಲೋಕಕ್ಕೆ ತಿಳಿಸಿದ್ದು 1991ರ ನವೆಂಬರ್ 23ಕ್ಕೆ, ಮರುದಿನವೇ ತೀರಿಕೊಂಡರು. ಈ ಹಾಡನ್ನು ಕೇಳುವಾಗ ದನಿಯಲ್ಲಿ ರೋಗ ಹುಡುಕಿ ನೋಡಿ. ನಮಗಂತೂ ಸಿಗಲಿಲ್ಲ.

ಕೊನೆಗೆ ಒಂದು ಮಾತು

'ಓದು ಮುಗಿಸು, ಹಾಡು ಗೀಡು ಆಮೇಲೆ' ಅಂತ ನಮ್ಮೆಲ್ಲರ ಮನೆಯಲ್ಲೂ ಕೇಳಿದ್ದೇವೆ. ಬ್ರಯಾನ್ ಮೇ ಉಲ್ಟಾ ಮಾಡಿದರು. ಸೌರಮಂಡಲದ ಧೂಳಿನ ಮೇಲೆ 1970ರಲ್ಲಿ ಶುರು ಮಾಡಿದ ಪಿಎಚ್‌ಡಿಯನ್ನು ಬ್ಯಾಂಡಿಗಾಗಿ ನಡುವೆಯೇ ಬಿಟ್ಟು, 2007ರಲ್ಲಿ ಅದೇ ಇಂಪೀರಿಯಲ್ ಕಾಲೇಜಿನಲ್ಲಿ ಮುಗಿಸಿದರು. ಎಲ್ಲರೂ ಹಾಗೆ ಬಿಡಿ ಅಂತ ನಾವು ಹೇಳ್ತಿಲ್ಲ. ಅಟೆಂಡೆನ್ಸ್ ಶಾರ್ಟೇಜ್ ಆದರೆ ಕ್ವೀನ್ ಬಂದು ಫೈನ್ ಕಟ್ಟೋಲ್ಲ. ಆದರೆ ಅವಿಭಾಜ್ಯ ಸಂಖ್ಯೆ, ಸಾಪೇಕ್ಷತೆ, ಆಂಪ್ಲಿಫೈಯರ್ ಅವರಿಗೆ ಪರೀಕ್ಷೆ ಮುಗಿದ ಕೂಡಲೇ ಮರೆಯುವ ಸರಕಾಗಿರಲಿಲ್ಲ. ಮೇ ಮತ್ತು ಡೀಕನ್ ಓದಿದ್ದನ್ನು ಹಾಡಿನೊಳಗೇ ಹಾಕಿದರು.

ಇವತ್ತು ನಮ್ಮ ಫೋನಿನಲ್ಲೇ ಟ್ರ್ಯಾಕುಗಳಿಗೆ ಲೆಕ್ಕವಿಲ್ಲ, ಗಾಯಕವೃಂದವೂ ಒಂದು ಬೆರಳಿಗೆ ಸಿಗುತ್ತೆ. ಹಾಗಾಗಿ ಒಂದು ಅಸೈನ್‌ಮೆಂಟ್. ಮೂವರು ಸೇರಿ, ನಿಮಗಿಷ್ಟವಾದ ಒಂದು ಕನ್ನಡ ಸಾಲನ್ನು ಮೂರು ಸಲ ಹಾಡಿ ರೆಕಾರ್ಡ್ ಮಾಡಿ. ಎಫೆಕ್ಟ್ ಹಾಕಬೇಡಿ, ಆಟೋಟ್ಯೂನ್ ಬೇಡ, ಒಂಬತ್ತು ದನಿ ಒಟ್ಟಿಗೆ ಕೇಳಿ. ಬೇಸುರ್ ಆದರೂ ಪರವಾಗಿಲ್ಲ, ಕ್ಲಬ್ಬಿಗೆ ಕಳಿಸಿ. ನಾವೂ ಮೂವರು ಹಾಡಿ ಇಟ್ಟಿದ್ದೇವೆ.