ದಾನಕ್ಕೆ ಹೋದ ಪಿಂಚಣಿ ಹಣ: ರಿಟರ್ನ್‌ನಲ್ಲಿ ಎಲ್ಲಿ ಬರೆಯಬೇಕು?

ನಮ್ಮ ನಾನಾ ದೇವದುರ್ಗದ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿದ್ದು ನಿವೃತ್ತರಾದವರು. ಈಗ ಮಾನ್ವಿಯಲ್ಲಿದ್ದಾರೆ. ವಯಸ್ಸು 68. ನಾನು ಕಾಮರ್ಸ್ ತೆಗೆದುಕೊಂಡ ದಿನದಿಂದ ಮನೆಯ ಲೆಕ್ಕವೆಲ್ಲ ನನ್ನ ಮುಂದೆ ಬರುತ್ತದೆ. ಈ ಸಲ ರಜೆಗೆ ರಾಯಚೂರಿನಿಂದ ಮಾನ್ವಿಗೆ ಹೋದಾಗ ನಾನಾ ಒಂದು ಪ್ಲಾಸ್ಟಿಕ್ ಚೀಲ ತಂದು ಮುಂದಿಟ್ಟರು. ಅದರಲ್ಲಿ ಪಾಸ್‌ಬುಕ್, ಠೇವಣಿ ಪತ್ರ, ಒಂದು ಅನಾಥಾಲಯದ ರಸೀದಿ ಇದ್ದವು.

ಅವರ ಪ್ರಶ್ನೆ ಇಷ್ಟೇ: "ಬೇಟಾ, ನಿವೃತ್ತಿ ಹಣ ಬ್ಯಾಂಕಿನಲ್ಲಿಟ್ಟಿದ್ದೇನೆ. ಅದರ ಸೂದ್ ನಾನು ತಿನ್ನುವುದಿಲ್ಲ, ಪೂರ್ತಿ ಬಡವರಿಗೆ ಕೊಟ್ಟುಬಿಡುತ್ತೇನೆ. ನಾನು ಮುಟ್ಟದ ಹಣ ನನ್ನ ಆದಾಯ ಹೇಗಾಗುತ್ತದೆ?"

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇರಬಹುದು. ಆದ್ದರಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಲೆಕ್ಕ ಸುಲಭವಾಗುವಂತೆ ಬದಲಿಸಿದ್ದೇನೆ. ನಿಯಮಗಳು 2024-25ರ ಆರ್ಥಿಕ ವರ್ಷಕ್ಕೆ ಸೇರಿದವು.

ಮೊದಲ ಪಾಠ: ಕೊಟ್ಟರೂ ಅದು ಆದಾಯವೇ

ನಮ್ಮ ಲೆಕ್ಕಶಾಸ್ತ್ರದ 'ಡ್ರಾಯಿಂಗ್ಸ್' ನೆನಪು ಮಾಡಿಕೊಳ್ಳಿ. ಅಂಗಡಿಯ ಮಾಲೀಕ ತನ್ನ ಮನೆಗೆ ಹಣ ತೆಗೆದರೆ ಬಂಡವಾಳ ಕಡಿಮೆಯಾಗುತ್ತದೆ, ಆದರೆ ಲಾಭ ಕಡಿಮೆಯಾಗುವುದಿಲ್ಲ. ತೆರಿಗೆಯಲ್ಲೂ ಹಾಗೆಯೇ. ಹಣ ನಮ್ಮ ಹೆಸರಿಗೆ ಬಂದ ಮೇಲೆ ಅದನ್ನು ಯಾರಿಗೆ ಕೊಟ್ಟೆವು ಎಂಬುದು ಆದಾಯದ ಬಳಕೆ. ಅದರಿಂದ ಆದಾಯ ಅಳಿಸಿಹೋಗುವುದಿಲ್ಲ.

ಹಾಗಾಗಿ ಪಿಂಚಣಿ ಪೂರ್ತಿಯಾಗಿ 'ವೇತನ' ಶೀರ್ಷಿಕೆಯಲ್ಲಿ, ಬಡ್ಡಿ ಪೂರ್ತಿಯಾಗಿ 'ಇತರ ಮೂಲಗಳ ಆದಾಯ' ಶೀರ್ಷಿಕೆಯಲ್ಲಿ ಬರೆಯಬೇಕು. ದಾನವನ್ನು ಮೊದಲೇ ಕಳೆದು ಉಳಿದದ್ದನ್ನು ಮಾತ್ರ ತೋರಿಸುವುದು ತಪ್ಪು. ಬ್ಯಾಂಕು ಕೊಟ್ಟ ಬಡ್ಡಿ ಇಲಾಖೆಯ ವಾರ್ಷಿಕ ಮಾಹಿತಿ ಪತ್ರದಲ್ಲಿ (ಎಐಎಸ್) ಮೊದಲೇ ಬಂದಿರುತ್ತದೆ. ನಮ್ಮ ರಿಟರ್ನ್‌ಗೂ ಅದಕ್ಕೂ ತಾಳೆಯಾಗದಿದ್ದರೆ ನೋಟಿಸು ಬರಬಹುದು.

ಅಮೆರಿಕದಲ್ಲಿ ಬೇರೆ ವ್ಯವಸ್ಥೆಯಿದೆ. ಎಪ್ಪತ್ತೂವರೆ ವರ್ಷ ದಾಟಿದವರು ಐಆರ್‌ಎ ಎಂಬ ನಿವೃತ್ತಿ ಖಾತೆಯಿಂದ ನೇರವಾಗಿ ದತ್ತಿ ಸಂಸ್ಥೆಗೆ ಹಣ ಕಳಿಸಬಹುದು. ಒಂದು ಮಿತಿಯವರೆಗೆ ಆ ಮೊತ್ತಕ್ಕೆ ತೆರಿಗೆ ಬೀಳುವುದಿಲ್ಲ, ಆದರೂ ರಿಟರ್ನ್‌ನಲ್ಲಿ ಅದನ್ನು ತೋರಿಸಬೇಕು. ನಮ್ಮ ದೇಶದಲ್ಲಿ ಪಿಂಚಣಿಗೆ ಅಂಥ ನೇರ ದಾರಿ ಇಲ್ಲ. ಮೊದಲು ಆದಾಯ ತೋರಿಸಬೇಕು, ಆಮೇಲೆ 80ಜಿ ಕಲಂನಲ್ಲಿ ಕಡಿತ ಕೇಳಬೇಕು.

ಎರಡನೇ ಪಾಠ: 80ಜಿಗೆ ನಾಲ್ಕು ಷರತ್ತು

ಒಂದು, ಹಣ ಪಡೆದ ಸಂಸ್ಥೆಗೆ 80ಜಿ ಅನುಮೋದನೆ ಇರಬೇಕು. ಪಕ್ಕದ ಮನೆಯ ವಿಧವೆಗೆ ಕೊಟ್ಟ ಜಕಾತ್ ದೊಡ್ಡ ಕೆಲಸವೇ, ಆದರೆ ಅದಕ್ಕೆ ಕಡಿತವಿಲ್ಲ. ಎರಡು, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟಿದ್ದರೆ ಆ ದಾನಕ್ಕೆ ಕಡಿತ ಸಿಗದು. ಚೆಕ್, ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆ ಆಗಬೇಕು. ಅಕ್ಕಿ, ಬಟ್ಟೆ, ಕಂಬಳಿಗಳಿಗೂ ಸಿಗದು. ಮೂರು, ಸಂಸ್ಥೆ ಕೊಡುವ 10ಬಿಇ ಪ್ರಮಾಣಪತ್ರ ನಮ್ಮ ಬಳಿ ಇರಬೇಕು. ರಿಟರ್ನ್‌ನ 80ಜಿ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ವಿಳಾಸ, ಪ್ಯಾನ್, ಮೊತ್ತ ಮತ್ತು ಆ ಪತ್ರದಲ್ಲಿರುವ ಸಂಖ್ಯೆ ತುಂಬಬೇಕು. ನಾಲ್ಕು, ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡಿರಬೇಕು. ಹೊಸ ಪದ್ಧತಿಯಲ್ಲಿ 80ಜಿ ಇಲ್ಲ.

ಸಾಮಾನ್ಯ ಟ್ರಸ್ಟ್‌ಗಳಿಗೆ ಕೊಟ್ಟ ದಾನದಲ್ಲಿ ಅರ್ಧ ಮಾತ್ರ ಕಡಿತಕ್ಕೆ ಬರುತ್ತದೆ, ಅದಕ್ಕೂ ಆದಾಯದ ಶೇ. 10ರ ಮಿತಿ ಇದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಯಂಥವುಗಳಿಗೆ ಕೊಟ್ಟರೆ ಪೂರ್ತಿ ಕಡಿತ.

ಮೂರನೇ ಪಾಠ: ಲೆಕ್ಕ

ವರ್ಷದ ಪಿಂಚಣಿ 5,40,000 ರೂ., ಠೇವಣಿ ಬಡ್ಡಿ 80,000 ರೂ. ನಾನಾ ಅನಾಥಾಲಯದ ಟ್ರಸ್ಟ್‌ಗೆ ಕೊಟ್ಟದ್ದು 40,000 ರೂ. ಉಳಿದದ್ದನ್ನು ಬಡ ರೋಗಿಗಳ ಕೈಗೆ ಕೊಟ್ಟಿದ್ದರು. ಬ್ಯಾಂಕು ಬಡ್ಡಿಯ ಮೇಲೆ 8,000 ರೂ. ಟಿಡಿಎಸ್ ಹಿಡಿದಿತ್ತು.

ಹಳೆಯ ಪದ್ಧತಿ: ಪಿಂಚಣಿಯಿಂದ ಪ್ರಮಾಣಿತ ಕಡಿತ 50,000 ತೆಗೆದರೆ 4,90,000. ಬಡ್ಡಿ ಸೇರಿಸಿದರೆ 5,70,000. ಹಿರಿಯ ನಾಗರಿಕರ ಬಡ್ಡಿಗೆ 80ಟಿಟಿಬಿಯಲ್ಲಿ 50,000 ಕಳೆದರೆ 5,20,000. ಟ್ರಸ್ಟ್‌ಗೆ ಚೆಕ್ ಕೊಟ್ಟಿದ್ದರೆ ಅರ್ಧ, ಅಂದರೆ 20,000 ಕಳೆದು ಸರಿಯಾಗಿ 5,00,000. ಐದು ಲಕ್ಷದವರೆಗೆ 87ಎ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ.

ಆದರೆ ಚೀಲದಲ್ಲಿದ್ದ ರಸೀದಿಯಲ್ಲಿ 'ನಗದು' ಎಂದಿತ್ತು. ಆಗ ಆದಾಯ 5,20,000ದಲ್ಲೇ ನಿಲ್ಲುತ್ತದೆ, ರಿಯಾಯಿತಿ ತಪ್ಪುತ್ತದೆ. ಮೂರರಿಂದ ಐದು ಲಕ್ಷದವರೆಗೆ ಶೇ. 5ರಂತೆ 10,000, ಮೇಲಿನ 20,000ಕ್ಕೆ ಶೇ. 20ರಂತೆ 4,000, ಸೆಸ್ 560. ಒಟ್ಟು 14,560 ರೂ. ಒಂದು ಚೆಕ್ ಬರೆಯದಿದ್ದಕ್ಕೆ ಇಷ್ಟು!

ನಾಲ್ಕನೇ ಪಾಠ: ನಾನಾ ಕಲಿಸಿದ್ದು

ಇದನ್ನು ಕೇಳಿದ ಪರಿಚಯದವರೊಬ್ಬರು, "ಎರಡು ಸಾವಿರ ಕೊಟ್ಟರೆ ಬ್ಯಾಂಕಿನಿಂದ ಕೊಟ್ಟಂತೆ ರಸೀದಿ ಮಾಡಿಸೋಣ" ಎಂದರು. ನಿಜ ಹೇಳುತ್ತೇನೆ, 14,560 ನೋಡಿ ನನಗೂ ಒಂದು ಕ್ಷಣ ಆಸೆಯಾಯಿತು. ನಾನಾ ಕನ್ನಡಕ ತೆಗೆದು ಹೇಳಿದರು: "ಸೂದ್ ಬೇಡ ಅಂತ ಕೊಟ್ಟವನು, ಸುಳ್ಳು ಹೇಳಿ ಅದನ್ನೇ ವಾಪಸ್ ತಗೊಳ್ಳಲಾ?"

ಕಾನೂನಿನ ಪ್ರಕಾರವೂ ಅದು ಅಪಾಯವೇ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಪರಿಶೀಲನೆ ನಡೆಸಿತು. ಸುಳ್ಳು ಕಡಿತಗಳನ್ನು ಹುಡುಕಿದ ಆ ಪಟ್ಟಿಯಲ್ಲಿ 80ಜಿ ಕೂಡ ಇತ್ತು.

ಆಮೇಲೆ ನಾನು ಹೊಸ ಪದ್ಧತಿಯ ಲೆಕ್ಕ ಮಾಡಿದೆ. ಪಿಂಚಣಿಯಿಂದ 75,000 ಕಳೆದು 4,65,000, ಬಡ್ಡಿ ಪೂರ್ತಿ 80,000 ಸೇರಿ 5,45,000. ಇಲ್ಲಿ ದಾನಕ್ಕೆ ಕಡಿತವಿಲ್ಲ, 80ಟಿಟಿಬಿಯೂ ಇಲ್ಲ. ಆದರೆ ಏಳು ಲಕ್ಷದವರೆಗೆ ರಿಯಾಯಿತಿ ಇದೆ. ತೆರಿಗೆ ಸೊನ್ನೆ! ಸುಳ್ಳು ರಸೀದಿ ಬೇಕಾಗಿಯೇ ಇರಲಿಲ್ಲ. ಹಿಡಿದಿದ್ದ 8,000 ಮರುಪಾವತಿಗೂ ಅರ್ಜಿಯಾಯಿತು. ಬಡ್ಡಿಯನ್ನು ಪೂರ್ತಿ ತೋರಿಸಿದರೂ ನಾನಾ ಏನೂ ಕಳೆದುಕೊಳ್ಳಲಿಲ್ಲ.

ಗೆಳೆಯರೇ, ನಿಮ್ಮ ಮನೆಯ ಹಿರಿಯರ ರಿಟರ್ನ್ ತುಂಬುವ ಮೊದಲು ಮೂರು ಕೆಲಸ ಮಾಡಿ. ಎಐಎಸ್ ತೆಗೆದು ಬಡ್ಡಿ ತಾಳೆ ನೋಡಿ. ರಸೀದಿಯಲ್ಲಿ ನಗದೋ ಬ್ಯಾಂಕೋ ನೋಡಿ. ಎರಡೂ ಪದ್ಧತಿಗಳಲ್ಲಿ ಲೆಕ್ಕ ಮಾಡಿ ನೋಡಿ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಆದ್ದರಿಂದ ಆಯಾ ವರ್ಷದ ದರ ಹಿಡಿಯಿರಿ. ಅನುಮಾನವಿದ್ದರೆ ನಮ್ಮ ವಾಣಿಜ್ಯ ವಿಭಾಗದ ಅಧ್ಯಾಪಕರನ್ನು ಕೇಳಿ.

ರಿಟರ್ನ್ ಸಲ್ಲಿಸಿದ ಮೇಲೆ ನಾನಾ ಇನ್ನೊಂದು ಪ್ರಶ್ನೆ ಕೇಳಿದರು: "ವಾಪಸ್ ಬರುವ ಎಂಟು ಸಾವಿರವೂ ಸೂದ್‌ನಿಂದ ಹಿಡಿದದ್ದೇ ಅಲ್ಲವಾ? ಅದನ್ನು ಏನು ಮಾಡಲಿ?" ಇದಕ್ಕೆ ಉತ್ತರ ನನ್ನ ಪುಸ್ತಕದಲ್ಲಿರಲಿಲ್ಲ. ಮೌಲಾನಾರನ್ನು ಕೇಳಿಬರುತ್ತೇನೆ ಎಂದು ಟೋಪಿ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, "ಈ ಸಲ ಕೊಡುವಾಗ ಚೆಕ್ ಬುಕ್ ನೆನಪು ಮಾಡು" ಅಂದರು.