ಕಾರಿನ ಬಾಗಿಲಿನ ರಬ್ಬರ್: ತಡೆಯೋದಲ್ಲ, ಮರಳಿ ಒತ್ತೋದು

ಇವತ್ತಿನ ವಿಷಯ ಕೇಳಿ ನಗಬೇಡಿ: ಕಾರಿನ ಬಾಗಿಲಿನ ಸುತ್ತ ಇರೋ ಕಪ್ಪು ರಬ್ಬರ್ ಸೀಲ್.

ಇಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮೈನಸ್ 30 ಡಿಗ್ರಿ. ಹಿಂದಿನ ದಿನವಷ್ಟೇ ಕಾರು ತೊಳೆಸಿದ್ದೆವು. ಮಗಳನ್ನು ಶಾಲೆಗೆ ಬಿಡುವ ಅವಸರದಲ್ಲಿ, ಹೆಪ್ಪುಗಟ್ಟಿದ್ದ ಹಿಂಬಾಗಿಲನ್ನು ಜೋರಾಗಿ ಎಳೆದೆವು. ಬಾಗಿಲೇನೋ ತೆರೀತು, ಜೊತೆಗೆ ಸೀಲೂ ಹರಿದು ಬಂತು. ಆಮೇಲೆ ನೋಡೋಣ ಅಂತ ಬಿಟ್ಟೆವು. ಹಿಮ ಕರಗುವ ಹೊತ್ತಿಗೆ ಕಾರ್ಪೆಟ್ ಕೆಳಗೆ ನೀರು, ಬೂಷ್ಟಿನ ವಾಸನೆ. ಮಗಳಿಗೆ ಅಸ್ತಮಾ ಬೇರೆ. ಶಿಲೀಂಧ್ರವನ್ನು ಲ್ಯಾಬಿನಲ್ಲಿ ಬೆಳೆಸಬಹುದು, ಮಗುವಿನ ಸೀಟಿನ ಕೆಳಗಲ್ಲ!

ಸೀಲ್ ಕೆಲಸ ಮಾಡೋದು ಹೇಗೆ? ಬಾಗಿಲು ಹಾಕಿದಾಗ ಅದರ ಟೊಳ್ಳು ಕೊಳವೆ ಅದುಮಿಕೊಳ್ಳುತ್ತೆ. ಮತ್ತೆ ಉಬ್ಬಲು ನೋಡುತ್ತಾ ತಗಡನ್ನು ಒತ್ತಿ ಹಿಡಿಯುತ್ತೆ. ಆ ಮರುಒತ್ತಡವೇ ನೀರಿಗೆ ತಡೆ. ವರ್ಷಗಟ್ಟಲೆ ಅದುಮಿಸಿಕೊಂಡ ಸೀಲ್ ಚಪ್ಪಟೆಯಾಗಿಯೇ ಉಳಿದರೆ, ಎಲ್ಲೂ ಹರಿಯದಿದ್ದರೂ ಅದರ ಆಯುಸ್ಸು ಮುಗಿದ ಹಾಗೆ.

ಈ ಗುಣದ ಮೂಲ ಶಾವಿಗೆಯಂತೆ ಸಿಕ್ಕುಬಿದ್ದ ಉದ್ದನೆಯ ಅಣುಸರಪಳಿಗಳು. ಗಂಧಕ ಸೇರಿಸಿ ಕಾಯಿಸಿದರೆ ಅವುಗಳ ನಡುವೆ ಹೊಲಿಗೆ ಬೀಳುತ್ತೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ಮರದ ಹಾಲಿನಲ್ಲಿರುವ ಸರಪಳಿಗಳಲ್ಲಿ ಜೋಡಿಬಂಧಗಳಿವೆ. ಗಾಳಿಯ ಓಜೋನ್ ಅವನ್ನು ಕತ್ತರಿಸುತ್ತೆ, ರಬ್ಬರ್ ಬಿರುಕು ಬಿಡುತ್ತೆ. ಅದಕ್ಕೇ ಬಾಗಿಲಿನ ಸೀಲ್‌ಗೆ ಹೆಚ್ಚಾಗಿ ಬಳಸೋದು ಇಪಿಡಿಎಂ ಎಂಬ ಕೃತಕ ರಬ್ಬರ್. ಅದರ ಮುಖ್ಯ ಸರಪಳಿಯಲ್ಲಿ ಜೋಡಿಬಂಧವಿಲ್ಲ. ಬಿಸಿಲು, ಓಜೋನ್, ಚಳಿ ಮೂರನ್ನೂ ಚೆನ್ನಾಗಿ ತಾಳುತ್ತೆ.

ಇನ್ನು ಆಯ್ಕೆ. ನಾವು ಮೊದಲು ಮಾಡಿದ ತಪ್ಪು ಅಂದ್ರೆ, ಚಪ್ಪಟೆಯಾಗಿದ್ದ ಹಳೆಯ ಸೀಲನ್ನೇ ಅಳೆದು ಹೊಸದು ತರಿಸಿದ್ದು. ಅದು ತೆಳ್ಳಗಾಯ್ತು, ನೀರು ನಿಲ್ಲಲಿಲ್ಲ. ಅಳೆಯಬೇಕಾದ್ದು ಬಾಗಿಲು ಹಾಕಿದಾಗ ಉಳಿಯುವ ಸಂದನ್ನು. ಮಕ್ಕಳು ಆಡೋ ಕ್ಲೇಯ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸೀಲ್ ತೆಗೆದ ಜಾಗದಲ್ಲಿ ಇಟ್ಟು ಬಾಗಿಲು ಹಾಕಿ. ಒತ್ತಿಹೋದ ಕ್ಲೇಯ ದಪ್ಪವೇ ಸಂದು. ಹೀಗೆ ನಾಲ್ಕೈದು ಕಡೆ ನೋಡಿ. ಕೊಳವೆ ಅದಕ್ಕಿಂತ ಸ್ವಲ್ಪ ದಪ್ಪ ಇರಲಿ. ತೀರಾ ದಪ್ಪವಾದರೆ ಬಾಗಿಲೇ ಕೂರಲ್ಲ. ಸೀಲ್ ಕಚ್ಚಿಕೊಳ್ಳುವ ತಗಡಿನ ಅಂಚಿನ ದಪ್ಪವನ್ನೂ ಅಳೆದುಕೊಳ್ಳಿ.

ಕೂರಿಸುವಾಗ ಮೊದಲು ಅಂಚಿನ ತುಕ್ಕು, ಹಳೆಯ ಅಂಟು ತೆಗೀರಿ. ಬಾಗಿಲ ಕೆಳಭಾಗದಿಂದ ಶುರುಮಾಡಿ, ಅಂಗೈಯಲ್ಲಿ ಒತ್ತುತ್ತಾ ಹೋಗಿ. ಎಳೆದು ಕೂರಿಸಲೇಬೇಡಿ. ಎಳೆದ ರಬ್ಬರ್ ಮೂಲೆಗಳಲ್ಲಿ ತೆಳ್ಳಗಾಗುತ್ತೆ, ಆಮೇಲೆ ಕುಗ್ಗಿ ಜೋಡಣೆಯಲ್ಲಿ ಬಾಯಿಬಿಡುತ್ತೆ. ಕೆಲವು ಮಿಲಿಮೀಟರ್ ಉದ್ದವಾಗಿಯೇ ಕತ್ತರಿಸಿ, ಎರಡು ತುದಿಗಳನ್ನು ಒತ್ತಿ ಸೇರಿಸಿ. ಕೊಳವೆಯಲ್ಲಿ ಸಣ್ಣ ತೂತುಗಳಿದ್ದರೆ ಮುಚ್ಚಬೇಡಿ. ಅದುಮಿದಾಗ ಒಳಗಿನ ಗಾಳಿ ಹೋಗೋಕೆ ಅದೇ ದಾರಿ.

ಪರೀಕ್ಷೆ ಸುಲಭ. ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ, ಎಳೀರಿ. ಬಿಗಿಯಾಗಿ ಬರಬೇಕು. ಸುಮ್ಮನೆ ಜಾರಿ ಬಂದರೆ ಅಲ್ಲಿ ಒತ್ತಡ ಸಾಲದು. ಅಂದಹಾಗೆ, ನೀರು ಕಂಡ ಕೂಡಲೇ ಸೀಲನ್ನೇ ದೂರಬೇಡಿ. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯೋದು ಸಹಜ. ಅದು ಹೊರಹೋಗುವ ಕೆಳಗಿನ ತೂತುಗಳು ಕಸದಿಂದ ಕಟ್ಟಿಕೊಂಡಿವೆಯಾ, ಮೊದಲು ನೋಡಿ.

ಚಳಿಗಾಲಕ್ಕೆ ಮುಂಚೆ ಸೀಲ್ ಒರೆಸಿ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಆಗ ಮಂಜು ಅಂಟಿ ಹಿಡಿಯಲ್ಲ. ವ್ಯಾಸಲೀನ್, ಎಂಜಿನ್ ಆಯಿಲ್ ಮಾತ್ರ ಬೇಡ. ಪೆಟ್ರೋಲಿಯಂ ಎಣ್ಣೆಯನ್ನು ಇಪಿಡಿಎಂ ಹೀರಿಕೊಂಡು ಊದಿ, ಮೆತ್ತಗಾಗುತ್ತೆ.

ಈ ವಾರ ನಿಮ್ಮ ಕಾರಿನ ಸೀಲನ್ನು ಹೆಬ್ಬೆರಳಿಂದ ಒತ್ತಿ ಬಿಡಿ. ಮತ್ತೆ ಎದ್ದು ನಿಲ್ಲುತ್ತಾ? ನಿಂತರೆ ನಿಶ್ಚಿಂತೆ. ಮುಂದಿನ ಕಂತಿನಲ್ಲಿ ಸಿಗೋಣ.